ವೈರ್‌ಲೆಸ್ ಸಾಧನಗಳ ಮುಕ್ತ ಡ್ರೈವರ್‌ಗಳು: ಎಲ್ಲಿಗೆ ಬಂದಿವೆ, ಎಲ್ಲಿ ನಿಂತಿವೆ

ಪೇಟೆಯಲ್ಲಿ ಸಿಗುವ ಯಾವುದಾದರೊಂದು ವೈರ್‌ಲೆಸ್ ಮೌಸ್ ತಂದು, ಅದರ ಡಾಂಗಲ್ಲನ್ನು ಲಿನಕ್ಸ್ ಇರುವ ಕಂಪ್ಯೂಟರಿಗೆ ಸಿಕ್ಕಿಸಿದರೆ ಸಾಮಾನ್ಯವಾಗಿ ಅದು ಕೆಲಸ ಮಾಡುತ್ತದೆ. ಪರದೆಯ ಮೇಲೆ ಬಾಣ ಓಡಾಡುತ್ತದೆ, ಎಡಬಲದ ಗುಂಡಿಗಳು ಒತ್ತಿಕೊಳ್ಳುತ್ತವೆ, ಚಕ್ರ ತಿರುಗುತ್ತದೆ. ತೊಂದರೆ ಶುರುವಾಗುವುದು ಇದರಾಚೆಗೆ. ಬ್ಯಾಟರಿ ಎಷ್ಟು ಉಳಿದಿದೆ ಎಂಬುದು ಕಾಣುವುದಿಲ್ಲ. ಹೆಬ್ಬೆರಳಿನ ಪಕ್ಕದ ಗುಂಡಿಗೆ ಬೇರೆ ಕೆಲಸ ಹಚ್ಚಲು ಬರುವುದಿಲ್ಲ. ಮೌಸನ್ನು ಬೇರೊಂದು ಡಾಂಗಲ್ಲಿಗೆ ಜೋಡಿಸುವ ತಂತ್ರಾಂಶ ವಿಂಡೋಸ್ ಮತ್ತು ಮ್ಯಾಕ್‌ಗೆ ಮಾತ್ರ ಎಂದು ಡಬ್ಬಿಯ ಮೇಲೆ ಅಚ್ಚಾಗಿರುತ್ತದೆ. ಈ ಉಳಿದ ಕೆಲಸವನ್ನೆಲ್ಲ ಪೂರೈಸಲು ಎರಡು ದಶಕಗಳಿಂದ ಮುಕ್ತ ತಂತ್ರಾಂಶದ ಜನ ಡ್ರೈವರ್‌ಗಳನ್ನು ಬರೆಯುತ್ತ ಬಂದಿದ್ದಾರೆ. ಕೆಲವು ಸಾಧನಗಳಿಗೆ ಅವು ಮಾರುಕಟ್ಟೆಗೆ ಬಂದ ಕೆಲವೇ ತಿಂಗಳಲ್ಲಿ ಗಟ್ಟಿಯಾದ ಡ್ರೈವರ್ ಬಂತು, ಕೆಲವಕ್ಕೆ ಐದು ವರ್ಷ ಕಾಯಬೇಕಾಯಿತು, ಕೆಲವು ಇನ್ನೂ ಅತಂತ್ರವಾಗಿವೆ. ಈ ವ್ಯತ್ಯಾಸ ಯಾಕೆ ಎಂದು ಹುಡುಕುತ್ತ ಹೋದರೆ ಕೋಡ್ ಬರೆಯುವ ಕಷ್ಟಕ್ಕಿಂತ ದೊಡ್ಡ ಕಾರಣವೊಂದು ಎದುರಾಗುತ್ತದೆ. ಸಾಧನ ಆಡುವ ಮಾತಿನ ನಿಯಮಗಳನ್ನು ತಯಾರಕರು ಬಹಿರಂಗಪಡಿಸಿದ್ದಾರೆಯೇ ಎಂಬುದೇ ಆ ಕಾರಣ.

ಮೊದಲು ಕಂಪ್ಯೂಟರಿನೊಳಗೆ ನಡೆಯುವುದನ್ನು ನೋಡೋಣ. ಸಾಧಾರಣ ಡಾಂಗಲ್ ಬಳಸುವಾಗ ರೇಡಿಯೋ ಸಂಕೇತ ಕಂಪ್ಯೂಟರಿನ ಕಣ್ಣಿಗೆ ಬೀಳುವುದೇ ಇಲ್ಲ. ಮೌಸ್ ಮತ್ತು ಡಾಂಗಲ್ 2.4 ಗಿಗಾಹರ್ಟ್ಸ್ ಪಟ್ಟಿಯಲ್ಲಿ ತಮ್ಮದೇ ರೀತಿಯಲ್ಲಿ ಮಾತಾಡಿಕೊಳ್ಳುತ್ತವೆ, ಡಾಂಗಲ್ ಮಾತ್ರ ತಾನೊಂದು ಸಾಮಾನ್ಯ ಯುಎಸ್‌ಬಿ ಮೌಸ್ ಎಂದು ಕಂಪ್ಯೂಟರಿಗೆ ಹೇಳಿಕೊಳ್ಳುತ್ತದೆ. ಹಾಗೆ ಹೇಳಿಕೊಳ್ಳುವ ರೀತಿಗೆ ಎಚ್‌ಐಡಿ ಎಂಬ ಮಾನದಂಡವಿದೆ. 2001ರಲ್ಲಿ ಬಂದ ಅದರ 1.11 ಆವೃತ್ತಿಯೇ ಇಂದಿಗೂ ಆಧಾರ. ಪ್ರತಿ ಸಾಧನವೂ ಸಂಪರ್ಕಕ್ಕೆ ಬಂದ ಕೂಡಲೇ ‘ರಿಪೋರ್ಟ್ ಡಿಸ್ಕ್ರಿಪ್ಟರ್’ ಎಂಬ ಬೈಟ್‌ಗಳ ಸಾಲೊಂದನ್ನು ಒಪ್ಪಿಸಬೇಕು. ಅದು ಸಾಧನದ ಪರಿಚಯ ಪತ್ರ. ತಾನು ಮೌಸೋ ಕೀಬೋರ್ಡೋ, ತನಗೆ ಎಷ್ಟು ಗುಂಡಿಗಳಿವೆ, ಮುಂದೆ ಕಳಿಸುವ ಪ್ರತಿ ವರದಿಯಲ್ಲಿ ಎಷ್ಟನೆಯ ಬಿಟ್‌ನಿಂದ ಎಷ್ಟನೆಯ ಬಿಟ್‌ವರೆಗೆ ಏನಿರುತ್ತದೆ, ಆ ಸಂಖ್ಯೆಯ ಕನಿಷ್ಠ ಮತ್ತು ಗರಿಷ್ಠ ಬೆಲೆ ಎಷ್ಟು ಎಂಬುದೆಲ್ಲ ಅದರಲ್ಲಿರುತ್ತದೆ. ಲಿನಕ್ಸ್‌ನ ತಿರುಳಾದ ಕರ್ನಲ್ ಅದನ್ನು ಓದಿಕೊಂಡು ಮುಂದಿನ ವರದಿಗಳಿಗೆ ಅರ್ಥ ಹಚ್ಚುತ್ತದೆ. ಡಿಸ್ಕ್ರಿಪ್ಟರ್ ನಿಜ ಹೇಳಿದರೆ ಸಾಮಾನ್ಯ ಡ್ರೈವರೇ ಸಾಕು, ಆ ಸಾಧನಕ್ಕೆಂದು ಒಂದು ಸಾಲು ಕೋಡ್ ಕೂಡ ಬೇಡ.

ಕನ್ನಡದ ಒಂದು ಅಕ್ಷರದ ಪ್ರಯಾಣವನ್ನೇ ನೋಡಬಹುದು. ವೈರ್‌ಲೆಸ್ ಕೀಬೋರ್ಡಿನಲ್ಲಿ ಇಂಗ್ಲಿಷಿನ ‘ಕೆ’ ಗುಂಡಿ ಒತ್ತಿದಾಗ ಡಾಂಗಲ್ ಎಂಟು ಬೈಟ್‌ಗಳ ವರದಿಯೊಂದನ್ನು ಕಳಿಸುತ್ತದೆ. ಮೊದಲ ಬೈಟ್ ಶಿಫ್ಟ್, ಕಂಟ್ರೋಲ್‌ನಂಥ ಗುಂಡಿಗಳಿಗೆ, ಎರಡನೆಯದು ಖಾಲಿ, ಮೂರನೆಯದರಲ್ಲಿ 14 ಎಂಬ ಸಂಖ್ಯೆ. ಎಚ್‌ಐಡಿ ಕೋಷ್ಟಕದಲ್ಲಿ ‘ಕೆ’ ಗುಂಡಿಯ ಸಂಖ್ಯೆ ಅದು. ಕರ್ನಲ್ ಇದನ್ನು ತನ್ನ ಪಟ್ಟಿಯ 37ಕ್ಕೆ ಬದಲಿಸಿ, ಒತ್ತಿದಾಗ 1, ಬಿಟ್ಟಾಗ 0 ಎಂಬ ಬೆಲೆಯೊಂದಿಗೆ ಮೇಲಕ್ಕೆ ಕೊಡುತ್ತದೆ. 37 ಎಂದರೆ ‘ಕ’ ಎಂದು ತೀರ್ಮಾನವಾಗುವುದು ಇನ್ನೂ ಮೇಲಿನ ಹಂತದಲ್ಲಿ, ಬಳಕೆದಾರ ಆಯ್ದುಕೊಂಡ ಕೀಲಿ ವಿನ್ಯಾಸದಲ್ಲಿ. ಇನ್‌ಸ್ಕ್ರಿಪ್ಟ್ ಆಗಲಿ ಕಗಪ ಆಗಲಿ, ಈ ಗುಂಡಿಗೆ ‘ಕ’ವೇ ಬರುತ್ತದೆ. ಡ್ರೈವರಿಗೆ ಭಾಷೆ ಗೊತ್ತಿಲ್ಲ, ಗೊತ್ತಿರಬೇಕಾಗಿಯೂ ಇಲ್ಲ. 1990ರ ದಶಕದ ಕೊನೆಯಲ್ಲಿ ವೊಯ್ಟೆಕ್ ಪಾವ್ಲಿಕ್ ಕಟ್ಟಲು ಆರಂಭಿಸಿದ ಲಿನಕ್ಸ್ ಇನ್‌ಪುಟ್ ವ್ಯವಸ್ಥೆ ಈ ಪದರಗಳನ್ನು ಹೀಗೆ ಬೇರೆಬೇರೆಯಾಗಿ ಇಟ್ಟಿದ್ದರಿಂದಲೇ ಯಾವ ದೇಶದಲ್ಲಿ ತಯಾರಾದ ಕೀಬೋರ್ಡ್ ಆದರೂ ಕನ್ನಡ ಬರೆಯಬಲ್ಲದು.

ಆದರೆ ಡಿಸ್ಕ್ರಿಪ್ಟರ್‌ಗಳು ಎಷ್ಟೋ ಸಲ ತಪ್ಪಾಗಿರುತ್ತವೆ. ಪದೇ ಪದೇ ಕಾಣುವ ಒಂದು ತಪ್ಪು ಹೀಗಿದೆ. ತನ್ನ ಗರಿಷ್ಠ ಬೆಲೆ 255 ಎಂದು ಹೇಳಬೇಕಾದ ಸಾಧನ ಅದನ್ನು ಒಂದೇ ಬೈಟ್‌ನಲ್ಲಿ ಬರೆಯುತ್ತದೆ. ಮಾನದಂಡದ ಪ್ರಕಾರ ಆ ಬೈಟ್‌ಗೆ ಧನ ಋಣ ಚಿಹ್ನೆಯಿದೆ, ಹಾಗೆ ಓದಿದರೆ ಅದು −1 ಆಗುತ್ತದೆ. ಕನಿಷ್ಠ 0, ಗರಿಷ್ಠ −1 ಎಂದರೆ ಅರ್ಥವಿಲ್ಲದ ಮಾತು. ಸರಿಯಾಗಿ ಬರೆಯಲು ಎರಡು ಬೈಟ್ ಬೇಕಿತ್ತು. ಇಂಥ ಸಾಧನಗಳು ತುಂಬಾ ಇದ್ದುದರಿಂದ ಲಿನಕ್ಸ್ ಕರ್ನಲ್ ತಾನೇ ಒಂದು ಹೆಜ್ಜೆ ಬಗ್ಗಿತು. ಕನಿಷ್ಠ ಬೆಲೆ ಸೊನ್ನೆಗಿಂತ ಕಡಿಮೆ ಇಲ್ಲದಿದ್ದರೆ ಗರಿಷ್ಠವನ್ನು ಚಿಹ್ನೆಯಿಲ್ಲದ ಸಂಖ್ಯೆಯಾಗಿ ಓದುತ್ತದೆ. ಎಲ್ಲ ತಪ್ಪುಗಳನ್ನೂ ಹೀಗೆ ಸಾಮಾನ್ಯ ನಿಯಮದಿಂದ ತಿದ್ದಲಾಗದು. ಹಾಗಾಗಿ ಕರ್ನಲ್‌ನ ಎಚ್‌ಐಡಿ ಕಡತಕೋಶದಲ್ಲಿ ಚಿಕ್ಕ ಚಿಕ್ಕ ಡ್ರೈವರ್‌ಗಳ ಸಾಲೇ ಇದೆ. ಅವುಗಳಲ್ಲಿ ಹಲವು ಮಾಡುವ ಮುಖ್ಯ ಕೆಲಸ ಒಂದೇ: ಸಾಧನ ಕೊಟ್ಟ ಡಿಸ್ಕ್ರಿಪ್ಟರ್‌ನಲ್ಲಿ ಇಂತಿಷ್ಟನೆಯ ಬೈಟನ್ನು ತಿದ್ದಿ ಮುಂದೆ ಕಳಿಸುವುದು. ಕಾರ್ಖಾನೆಯಲ್ಲಿ ಯಾರೋ ಪರೀಕ್ಷಿಸದೆ ಬಿಟ್ಟ ಒಂದು ಬೈಟ್‌ಗಾಗಿ ಜಗತ್ತಿನ ಇನ್ನೊಂದು ಮೂಲೆಯಲ್ಲಿ ಯಾರೋ ಕೂತು ಡ್ರೈವರ್ ಬರೆಯಬೇಕಾಗುತ್ತದೆ. ಇದು ಶ್ರಮದ ಅಪವ್ಯಯ, ಮತ್ತು ತಪ್ಪಿಸಬಹುದಾದ ಅಪವ್ಯಯ.

ಮುಕ್ತ ಡ್ರೈವರ್‌ಗಳ ಚರಿತ್ರೆಯಲ್ಲಿ ಹೆಚ್ಚು ಕಲಿಸುವ ಅಧ್ಯಾಯ ಲಾಜಿಟೆಕ್‌ನದು. 2009ರಲ್ಲಿ ಈ ಕಂಪನಿ ‘ಯೂನಿಫೈಯಿಂಗ್’ ಎಂಬ ರಿಸೀವರ್ ತಂದಿತು. ಒಂದೇ ಪುಟ್ಟ ಡಾಂಗಲ್ಲಿಗೆ ಆರು ಸಾಧನಗಳನ್ನು ಜೋಡಿಸಬಹುದು. ಬಳಸುವವರಿಗೆ ಅನುಕೂಲ, ಕರ್ನಲ್‌ಗೆ ಗೊಂದಲ. ಆರು ಸಾಧನಗಳ ವರದಿಗಳೂ ಒಂದೇ ಯುಎಸ್‌ಬಿ ಸಾಧನದಿಂದ ಬರುತ್ತಿದ್ದವು, ಯಾವುದು ಯಾರದು ಎಂದು ತಿಳಿಯುತ್ತಿರಲಿಲ್ಲ. ಇದಕ್ಕೆ ಡ್ರೈವರ್ ಬರೆದು ಕಳಿಸಿದವರು ಕಂಪನಿಯ ಒಳಗಿನ ಎಂಜಿನಿಯರೇ. 2012ರ ಜನವರಿಯಲ್ಲಿ ಬಿಡುಗಡೆಯಾದ ಲಿನಕ್ಸ್ 3.2ರಲ್ಲಿ ಆ ಡ್ರೈವರ್ ಸೇರಿತು. ಅದು ರಿಸೀವರ್‌ನ ಹಿಂದಿರುವ ಪ್ರತಿ ಸಾಧನಕ್ಕೂ ಕರ್ನಲ್ ಒಳಗೆ ಪ್ರತ್ಯೇಕ ಸಾಧನವೊಂದನ್ನು ಸೃಷ್ಟಿಸಿ, ಬಂದ ವರದಿಗಳನ್ನು ವಿಂಗಡಿಸಿ ಹಂಚುತ್ತದೆ.

ಅದಕ್ಕಿಂತ ಮಹತ್ವದ್ದು ಎಚ್‌ಐಡಿ ಪ್ಲಸ್‌ಪ್ಲಸ್ ಎಂಬ ಲಾಜಿಟೆಕ್‌ನ ಸ್ವಂತ ಪ್ರೋಟೊಕಾಲ್. ಬ್ಯಾಟರಿ, ಚಕ್ರದ ಸೂಕ್ಷ್ಮತೆ, ಗುಂಡಿಗಳ ಮರುಹೊಂದಾಣಿಕೆ ಎಲ್ಲವೂ ಇದರ ಮೂಲಕ ನಡೆಯುತ್ತದೆ. ಇದರ ರಚನೆ ಅಚ್ಚುಕಟ್ಟಾಗಿದೆ. ಬ್ಯಾಟರಿ ವಿವರ ಬೇಕೆಂದಾಗ ಡ್ರೈವರ್ ಮೊದಲು ಕಳಿಸುವ ಏಳು ಬೈಟ್‌ಗಳು ಹೆಕ್ಸಾಡೆಸಿಮಲ್‌ನಲ್ಲಿ ಹೀಗಿರುತ್ತವೆ: 10 01 00 01 10 00 00. ಮೊದಲ 10 ಎಂದರೆ ಇದು ಚಿಕ್ಕ ಸಂದೇಶ. 01 ಎಂದರೆ ರಿಸೀವರಿಗೆ ಜೋಡಿಸಿದ ಮೊದಲ ಸಾಧನ. 00 ಎಂದರೆ ಸೌಲಭ್ಯಗಳ ಮೂಲಸೂಚಿ. ಮುಂದಿನ 01 ಕೇಳುತ್ತಿರುವ ತಂತ್ರಾಂಶದ ಗುರುತು, ಉತ್ತರ ಬಂದಾಗ ತನ್ನದೇ ಪ್ರಶ್ನೆಯ ಉತ್ತರವೆಂದು ಗುರುತಿಸಿಕೊಳ್ಳಲು. ಕೊನೆಯಲ್ಲಿ 1000 ಎಂಬ ಸೌಲಭ್ಯ ಸಂಖ್ಯೆ, ಅಂದರೆ ಬ್ಯಾಟರಿ ಸ್ಥಿತಿ. ಆ ಸೌಲಭ್ಯ ತನ್ನಲ್ಲಿ ಎಷ್ಟನೆಯ ಸ್ಥಾನದಲ್ಲಿದೆ ಎಂದು ಮೌಸ್ ಉತ್ತರಿಸುತ್ತದೆ, ಆ ಸ್ಥಾನಕ್ಕೆ ಎರಡನೆಯ ಪ್ರಶ್ನೆ ಹೋಗುತ್ತದೆ. ನಾಳೆ ಬರುವ ಹೊಸ ಮೌಸ್‌ಗೂ ಇದೇ ಪ್ರಶ್ನೆ ಕೇಳಬಹುದು. ಸಾಧನವೇ ತನ್ನ ಸೌಲಭ್ಯಗಳನ್ನು ಹೇಳಿಕೊಳ್ಳುವುದರಿಂದ ಮಾದರಿಗೊಂದು ಡ್ರೈವರ್ ಬರೆಯುವ ಹಂಗಿಲ್ಲ.

ಲಾಜಿಟೆಕ್ ಈ ಪ್ರೋಟೊಕಾಲಿನ ಹಲವು ದಾಖಲೆಗಳನ್ನು ಹೊರಗೆ ಕೊಟ್ಟಿತು. ಅದರ ಫಲ ಒಂದರ ಹಿಂದೊಂದು ಬಂತು. ಎಚ್‌ಐಡಿ ಪ್ಲಸ್‌ಪ್ಲಸ್ ಡ್ರೈವರ್ 2015ರ ಲಿನಕ್ಸ್ 3.19ರಲ್ಲಿ ಸೇರಿತು. ಕಂಪನಿಯ ಹೊರಗಿನವರು ಬರೆದ ‘ಸೋಲಾರ್’ ಎಂಬ ತಂತ್ರಾಂಶ ಜೋಡಣೆ, ಬ್ಯಾಟರಿ, ಗುಂಡಿಗಳನ್ನೆಲ್ಲ ಒಂದೇ ಕಿಟಕಿಯಲ್ಲಿ ತಂದಿತು. ಮೌಸ್‌ನ ಚಕ್ರದ ಒಂದು ಹಲ್ಲಿನ ಚಲನೆಯನ್ನು 120 ಭಾಗ ಮಾಡಿ ನಯವಾಗಿ ಸರಿಸುವ ಸೌಲಭ್ಯ 2019ರ ಲಿನಕ್ಸ್ 5.0ರಲ್ಲಿ ಬಂತು. ದಾಖಲೆ ಹೊರಗೆ ಬಿಟ್ಟಿದ್ದರಿಂದ ಕಂಪನಿಗೆ ನಷ್ಟವಾದದ್ದು ನನಗೆ ಕಾಣುವುದಿಲ್ಲ. ಲಿನಕ್ಸ್ ಬಳಸುವವರು ವೈರ್‌ಲೆಸ್ ಮೌಸ್ ಯಾವುದು ಕೊಳ್ಳಲಿ ಎಂದು ಕೇಳಿದಾಗ ಮೊದಲು ಬರುವ ಹೆಸರುಗಳಲ್ಲಿ ಅದೂ ಒಂದಾಗಿರುವುದಕ್ಕೆ ಇದೇ ಕಾರಣ.

ಆಟದ ಕಂಟ್ರೋಲರ್‌ಗಳ ಲೋಕದಲ್ಲಿ ಈ ಮಾತು ಇನ್ನೂ ಸ್ಪಷ್ಟ. ನಿಂಟೆಂಡೊ 2006ರಲ್ಲಿ ತಂದ ವೀ ರಿಮೋಟ್ ಬ್ಲೂಟೂತ್ ಸಾಧನ. ಅದನ್ನು ಜೋಡಿಸುವಾಗ ಬೇಕಾದ ಪಿನ್ ನಾವು ಬೆರಳಲ್ಲಿ ಒತ್ತುವ ಅಂಕಿಗಳಲ್ಲ, ಬ್ಲೂಟೂತ್ ವಿಳಾಸದ ಬೈಟ್‌ಗಳನ್ನೇ ಹಿಂದುಮುಂದಾಗಿ ಇಟ್ಟದ್ದು. 1 ಮತ್ತು 2ರ ಗುಂಡಿಗಳನ್ನು ಒಟ್ಟಿಗೆ ಒತ್ತಿದರೆ ರಿಮೋಟ್‌ನ ವಿಳಾಸ, ಬ್ಯಾಟರಿ ಮುಚ್ಚಳದೊಳಗಿನ ಕೆಂಪು ಗುಂಡಿ ಒತ್ತಿದರೆ ಕಂಪ್ಯೂಟರಿನ ವಿಳಾಸ. ಇದನ್ನು ಯಾವ ಕೈಪಿಡಿಯೂ ಹೇಳಲಿಲ್ಲ, ಹವ್ಯಾಸಿಗಳು ಪ್ರಯೋಗ ಮಾಡುತ್ತ ಕಂಡುಕೊಂಡರು. ಆ ತಿಳಿವಿನ ಮೇಲೆ ಡೇವಿಡ್ ಹರ್ಮನ್ ಬರೆದ ಡ್ರೈವರ್ 2011ರಲ್ಲಿ ಕರ್ನಲ್ ಸೇರಿತು. ಅದೇ ನಿಂಟೆಂಡೊದ ಜಾಯ್‌ಕಾನ್ 2017ರಲ್ಲಿ ಸ್ವಿಚ್ ಜೊತೆ ಬಂತು, ಅದರ ಡ್ರೈವರ್ ಮುಖ್ಯ ಕರ್ನಲ್ ಸೇರಿದ್ದು 2022ರ ಜನವರಿಯ 5.16ರಲ್ಲಿ. ಇವೆರಡಕ್ಕೂ ಎದುರಾಗಿ ಸೋನಿಯನ್ನು ಇಟ್ಟು ನೋಡಿ. ಪ್ಲೇಸ್ಟೇಷನ್ 5ರ ಡ್ಯುಯಲ್‌ಸೆನ್ಸ್ 2020ರ ನವೆಂಬರಿನಲ್ಲಿ ಮಾರಾಟಕ್ಕೆ ಬಂತು, ಸೋನಿಯೇ ಬರೆದು ಕೊಟ್ಟ ಡ್ರೈವರ್ 2021ರ ಏಪ್ರಿಲ್‌ನ 5.12ರಲ್ಲಿತ್ತು. ಐದು ತಿಂಗಳು ಒಂದು ಕಡೆ, ಸುಮಾರು ಐದು ವರ್ಷ ಇನ್ನೊಂದು ಕಡೆ. ಬರೆದವರ ಸಾಮರ್ಥ್ಯದಲ್ಲಿ ಕೊರತೆ ಇರಲಿಲ್ಲ. ಒಬ್ಬರ ಮುಂದೆ ದಾಖಲೆ ಇತ್ತು, ಇನ್ನೊಬ್ಬರು ಕತ್ತಲೆಯಲ್ಲಿ ತಡಕಾಡಬೇಕಿತ್ತು.

ಎಕ್ಸ್‌ಬಾಕ್ಸ್‌ನ ಸ್ಥಿತಿ ಇವೆರಡರ ನಡುವೆ. ತಂತಿಯ ಕಂಟ್ರೋಲರ್‌ಗಳು, ಹಳೆಯ 360ರ ವೈರ್‌ಲೆಸ್ ರಿಸೀವರ್ ಎಲ್ಲವೂ ಕರ್ನಲ್‌ನ ಎಕ್ಸ್‌ಪ್ಯಾಡ್ ಡ್ರೈವರ್‌ನಲ್ಲೇ ನಡೆಯುತ್ತವೆ. ಎಕ್ಸ್‌ಬಾಕ್ಸ್ ಒನ್ ಕಾಲದಿಂದ ಬಂದ ವೈರ್‌ಲೆಸ್ ಡಾಂಗಲ್ ಮಾತ್ರ ಬೇರೆ ಜಾತಿ. ಅದರೊಳಗಿರುವುದು ಮೀಡಿಯಾಟೆಕ್‌ನ ವೈಫೈ ಚಿಪ್. ಡಾಂಗಲ್ ತನ್ನಷ್ಟಕ್ಕೆ ಮೌಸ್‌ನ ಹಾಗೆ ಪರಿಚಯ ಹೇಳಿಕೊಳ್ಳುವುದಿಲ್ಲ, ಕಂಪ್ಯೂಟರೇ ಅದಕ್ಕೆ ಫರ್ಮ್‌ವೇರ್ (ಸಾಧನದೊಳಗೇ ಓಡುವ ತಂತ್ರಾಂಶ) ತುಂಬಿ, ರೇಡಿಯೋ ನಡೆಸಿ, ಮೈಕ್ರೋಸಾಫ್ಟ್‌ನ ಸ್ವಂತ ಪ್ರೋಟೊಕಾಲಿನಲ್ಲಿ ಮಾತಾಡಬೇಕು. ‘ಎಕ್ಸ್‌ಒನ್’ ಎಂಬ ಡ್ರೈವರ್ ಇದನ್ನೆಲ್ಲ ಮಾಡುತ್ತದೆ. ಆದರೆ ಆ ಫರ್ಮ್‌ವೇರ್ ಮೈಕ್ರೋಸಾಫ್ಟ್‌ನ ಸೊತ್ತು, ಅದನ್ನು ಮುಕ್ತ ಡ್ರೈವರ್ ಜೊತೆ ಸೇರಿಸಿ ಹಂಚುವಂತಿಲ್ಲ, ಬಳಸುವವರೇ ಬೇರೆಯಾಗಿ ಇಳಿಸಿಕೊಳ್ಳಬೇಕು. ಕರ್ನಲ್‌ನ ಹೊರಗಿರುವ ಇಂಥ ಡ್ರೈವರ್ ಕರ್ನಲ್ ಬದಲಾದಾಗಲೆಲ್ಲ ಮುರಿಯುವ ಭಯದಲ್ಲಿರುತ್ತದೆ. ಯಾರಾದರೂ ಬಿಡುವು ಮಾಡಿಕೊಂಡು ಸರಿಪಡಿಸುವ ತನಕ ಕಂಟ್ರೋಲರ್ ಸುಮ್ಮನೆ ಕೂತಿರುತ್ತದೆ.

ದಾಖಲೆ ಇಲ್ಲದಾಗ ಕೆಲಸ ನಡೆಯುವ ಬಗೆ ಹೀಗೆ. ವಿಂಡೋಸನ್ನು ವರ್ಚುವಲ್ ಮಷಿನ್ ಒಳಗೆ ಓಡಿಸಿ, ಸಾಧನವನ್ನು ಅದಕ್ಕೆ ಒಪ್ಪಿಸಿ, ಹೊರಗಿನ ಲಿನಕ್ಸ್‌ನಲ್ಲಿ ಯುಎಸ್‌ಬಿ ಸಂಚಾರವನ್ನು ವೈರ್‌ಶಾರ್ಕ್ ಎಂಬ ತಂತ್ರಾಂಶದಿಂದ ಹಿಡಿದಿಡುತ್ತಾರೆ. ಕಂಪನಿಯ ತಂತ್ರಾಂಶದಲ್ಲಿ ಒಂದೇ ಒಂದು ಆಯ್ಕೆ ಬದಲಿಸಿ, ಯಾವ ಬೈಟ್ ಬದಲಾಯಿತು ಎಂದು ನೋಡುತ್ತಾರೆ. ರೇಜ಼ರ್ ಸಾಧನಗಳಿಗಾಗಿ ಇರುವ ಓಪನ್‌ರೇಜ಼ರ್ ಈ ದಾರಿಯಲ್ಲೇ ಬೆಳೆದದ್ದು. ಆ ಸಾಧನಗಳ ಸಂದೇಶ 90 ಬೈಟ್‌ನದು, ಅದರ ಕೊನೆಯ ಭಾಗದ ತಾಳೆ ಬೈಟ್ ಹಿಂದಿನ ಬೈಟ್‌ಗಳನ್ನು ಎಕ್ಸ್‌ಆರ್ ಮಾಡಿದರೆ ಬರುತ್ತದೆ ಎಂಬಂಥ ಸಂಗತಿಗಳನ್ನು ಹೊರಗಿನವರು ಹೀಗೆ ಸಂಚಾರ ನೋಡುತ್ತಲೇ ತಿಳಿದುಕೊಂಡರು. ಇದು ಕಾನೂನಿಗೆ ವಿರುದ್ಧವಲ್ಲವೇ ಎಂದು ನಮ್ಮ ವಿದ್ಯಾರ್ಥಿಗಳು ಅಂಜುವುದುಂಟು. ಭಾರತದ 1957ರ ಕೃತಿಸ್ವಾಮ್ಯ ಕಾಯಿದೆಗೆ 1999ರಲ್ಲಿ ಸೇರಿಸಿದ 52(1)(ಎಬಿ) ಉಪಖಂಡ ಈ ಬಗ್ಗೆ ಸ್ಪಷ್ಟವಾಗಿದೆ. ತಂತ್ರಾಂಶವನ್ನು ಕಾನೂನುಬದ್ಧವಾಗಿ ಹೊಂದಿದವರು, ಸ್ವತಂತ್ರವಾಗಿ ಬರೆದ ಇನ್ನೊಂದು ತಂತ್ರಾಂಶ ಅದರೊಂದಿಗೆ ಹೊಂದಿ ನಡೆಯಲು ಅಗತ್ಯವಾದ ಮಾಹಿತಿಯನ್ನು ಪಡೆಯಬಹುದು, ಆ ಮಾಹಿತಿ ಬೇರೆ ಕಡೆ ಸುಲಭವಾಗಿ ಸಿಗುವಂತಿರಬಾರದು ಅಷ್ಟೇ. ಕಂಪನಿಯ ಕೋಡನ್ನೇ ನಕಲು ಮಾಡಿ ಇಳಿಸುವುದು ಬೇರೆ ಮಾತು, ಅದಕ್ಕೆ ಕಾನೂನಿನ ರಕ್ಷಣೆ ಇಲ್ಲ.

ಇನ್ನು ಸುರಕ್ಷತೆ. ಈ ವಿಷಯವನ್ನು ಡ್ರೈವರ್ ಬರೆಯುವವರು ತಡವಾಗಿ ಗಂಭೀರವಾಗಿ ತೆಗೆದುಕೊಂಡರು ಎಂದೇ ಹೇಳಬೇಕು. 2016ರ ಫೆಬ್ರವರಿಯಲ್ಲಿ ಬ್ಯಾಸ್ಟಿಲ್ ಸಂಸ್ಥೆಯ ಸಂಶೋಧಕರು ‘ಮೌಸ್‌ಜ್ಯಾಕ್’ ಹೆಸರಿನಲ್ಲಿ ಒಂದು ದೋಷ ಬಯಲು ಮಾಡಿದರು. ಅನೇಕ ಕಂಪನಿಗಳ ಡಾಂಗಲ್‌ಗಳಲ್ಲಿ ಕೀಬೋರ್ಡ್ ಸಂದೇಶಕ್ಕೆ ಗೂಢಲಿಪಿ ಇತ್ತು, ಮೌಸ್ ಸಂದೇಶಕ್ಕೆ ಇರಲಿಲ್ಲ. ದೂರದಲ್ಲಿ ಕೂತವರು ಅಗ್ಗದ ರೇಡಿಯೋ ಸಾಧನದಿಂದ ಮೌಸ್‌ನ ಸೋಗಿನಲ್ಲಿ ಗೂಢಲಿಪಿಯಿಲ್ಲದ ಗುಂಡಿ ಒತ್ತುವಿಕೆಗಳನ್ನು ಕಳಿಸಿದರೂ ಡಾಂಗಲ್ ಅವನ್ನು ಒಪ್ಪಿಕೊಳ್ಳುತ್ತಿತ್ತು. ಕಂಪ್ಯೂಟರಿನಲ್ಲಿರುವ ಯಾವ ಡ್ರೈವರೂ ಇದನ್ನು ತಡೆಯಲಾರದು, ಅದರ ಕೈಗೆ ಬರುವ ಹೊತ್ತಿಗೆ ಅದು ನಿಜವಾದ ಕೀಬೋರ್ಡ್ ವರದಿಯಾಗಿರುತ್ತದೆ. ದೋಷ ಡಾಂಗಲ್‌ನ ಫರ್ಮ್‌ವೇರ್‌ನಲ್ಲಿತ್ತು, ತಿದ್ದುಪಡಿಯೂ ಅಲ್ಲೇ ಆಗಬೇಕಿತ್ತು. ಲಾಜಿಟೆಕ್ ತಿದ್ದಿದ ಫರ್ಮ್‌ವೇರನ್ನು ಲಿನಕ್ಸ್ ಬಳಕೆದಾರರಿಗೆ ತಲುಪಿಸಲು ರಿಚರ್ಡ್ ಹ್ಯೂಸ್ ಅವರ ಎಫ್‌ಡಬ್ಲ್ಯುಅಪ್‌ಡಿ ಎಂಬ ಮುಕ್ತ ತಂತ್ರಾಂಶ ನೆರವಾಯಿತು. ಡ್ರೈವರ್ ಮುಕ್ತವಾಗಿದ್ದರಷ್ಟೇ ಸಾಲದು, ಫರ್ಮ್‌ವೇರ್ ಬದಲಿಸುವ ದಾರಿಯೂ ಮುಕ್ತವಾಗಿರಬೇಕು ಎಂಬುದು ಅಂದಿನಿಂದ ಚರ್ಚೆಯ ಭಾಗವಾಯಿತು.

ಮುಕ್ತ ಕೋಡ್ ಎಂದ ಮಾತ್ರಕ್ಕೆ ದೋಷಮುಕ್ತ ಎಂದು ಯಾರೂ ತಿಳಿಯಬಾರದು. ಲಿನಕ್ಸ್‌ನ ಬ್ಲೂಟೂತ್ ತಂತ್ರಾಂಶವಾದ ಬ್ಲೂಜ಼ಿಯಲ್ಲಿ ಜೋಡಣೆಯಾಗದ ಕೀಬೋರ್ಡ್ ಕೂಡ ಸಂಪರ್ಕಕ್ಕೆ ಬಂದು ಗುಂಡಿ ಒತ್ತಬಲ್ಲದು ಎಂದು 2023ರಲ್ಲಿ ಬಯಲಾಯಿತು. ಸಿವಿಇ-2023-45866 ಅದರ ಸಂಖ್ಯೆ. ಇದನ್ನು ತಡೆಯುವ ಆಯ್ಕೆ 2020ರಲ್ಲೇ ಕೋಡಿನಲ್ಲಿತ್ತು, ಆದರೆ ಹಳೆಯ ಸಾಧನಗಳು ಕೆಲಸ ನಿಲ್ಲಿಸಬಾರದೆಂದು ಅದನ್ನು ಚಾಲೂ ಮಾಡದೆ ಬಿಟ್ಟಿದ್ದರು. ಹೊಂದಾಣಿಕೆ ಉಳಿಸಿಕೊಳ್ಳುವ ಹಂಬಲ ಅರ್ಥವಾಗುವಂಥದ್ದೇ. ಆದರೆ ಪಾಸ್‌ವರ್ಡ್ ಟೈಪ್ ಮಾಡುವ ಸಾಧನದ ವಿಷಯದಲ್ಲಿ ಆ ತೂಕ ತಪ್ಪಿತ್ತು.

ಕಳೆದ ಕೆಲವು ವರ್ಷಗಳಲ್ಲಿ ದಿಕ್ಕು ಬದಲಿಸಿದ ಬೆಳವಣಿಗೆ ಎಚ್‌ಐಡಿ-ಬಿಪಿಎಫ್. ಎಚ್‌ಐಡಿ ವಿಭಾಗದ ನಿರ್ವಾಹಕರಲ್ಲಿ ಒಬ್ಬರಾದ ಬೆಂಜಮಿನ್ ಟಿಸ್ವಾರ್ ಇದನ್ನು ರೂಪಿಸಿದರು, 2023ರ ಲಿನಕ್ಸ್ 6.3ರಲ್ಲಿ ಸೇರಿತು. ಇದರಿಂದ ಡಿಸ್ಕ್ರಿಪ್ಟರ್ ತಿದ್ದುವ ಪುಟ್ಟ ಪ್ರೋಗ್ರಾಮನ್ನು ಓಡುತ್ತಿರುವ ಕರ್ನಲ್‌ಗೆ ಹೊರಗಿನಿಂದಲೇ ಸೇರಿಸಬಹುದು. ಕರ್ನಲ್ ಮತ್ತೆ ಕಂಪೈಲ್ ಮಾಡಬೇಕಿಲ್ಲ, ಹೊಸ ಆವೃತ್ತಿಗೆ ತಿಂಗಳುಗಟ್ಟಲೆ ಕಾಯಬೇಕಿಲ್ಲ. ಎಚ್‌ಪಿಯ ‘ಎಲೀಟ್ ಪ್ರೆಸೆಂಟರ್’ ಎಂಬ ಬ್ಲೂಟೂತ್ ಸಾಧನದ ಉದಾಹರಣೆ ನೋಡಿ. ಅದು ಮೌಸೂ ಹೌದು, ಸಭೆಯಲ್ಲಿ ಪರದೆಯತ್ತ ತೋರಿಸುವ ಪಾಯಿಂಟರೂ ಹೌದು. ಆದರೆ ಡಿಸ್ಕ್ರಿಪ್ಟರಿನಲ್ಲಿ ಎರಡೂ ಕಡೆ ತಾನು ಮೌಸ್ ಎಂದೇ ಹೇಳಿಕೊಂಡಿತ್ತು. ಇದನ್ನು ಸರಿಪಡಿಸುವ ಪ್ರೋಗ್ರಾಂ ಮಾಡುವುದು ಇಷ್ಟೇ: ಒಂದು ಬೈಟ್‌ನಲ್ಲಿರುವ 2ನ್ನು 1 ಮಾಡುತ್ತದೆ. ಇಷ್ಟು ಚಿಕ್ಕ ತಿದ್ದುಪಡಿಗೆ ಇಡೀ ಕರ್ನಲ್ ಮಾಡ್ಯೂಲ್ ಬರೆಯುತ್ತಿದ್ದ ಕಾಲ ಮುಗಿಯುತ್ತ ಬಂದಿದೆ. ಹೊಸದಾಗಿ ಈ ಕ್ಷೇತ್ರಕ್ಕೆ ಬರುವವರಿಗೆ ಇದಕ್ಕಿಂತ ಒಳ್ಳೆಯ ಬಾಗಿಲು ನನಗೆ ತೋಚುವುದಿಲ್ಲ.

ಇನ್ನೊಂದು ತುದಿಯಿಂದ, ಅಂದರೆ ಸಾಧನದ ಒಳಗಿನಿಂದಲೇ ಮುಕ್ತವಾಗಿಸುವ ಪ್ರಯತ್ನವೂ ನಡೆದಿದೆ. ಸ್ವಂತ ಕೀಬೋರ್ಡ್ ಕಟ್ಟಿಕೊಳ್ಳುವವರಲ್ಲಿ ಕ್ಯುಎಂಕೆ ಎಂಬ ಫರ್ಮ್‌ವೇರ್ ಜನಪ್ರಿಯ. ಅದರ ಜಿಪಿಎಲ್ ಪರವಾನಗಿಗೂ ಚಿಪ್ ತಯಾರಕರ ಮುಚ್ಚಿದ ಬ್ಲೂಟೂತ್ ಕೋಡಿಗೂ ಹೊಂದಾಣಿಕೆ ಆಗದ ಕಾರಣ ವೈರ್‌ಲೆಸ್‌ಗೆಂದೇ 2020ರಲ್ಲಿ ಜ಼ೆಡ್‌ಎಂಕೆ ಹುಟ್ಟಿತು. ಅದು ಜ಼ೆಫಿರ್ ಎಂಬ ಮುಕ್ತ ವ್ಯವಸ್ಥೆಯ ಮೇಲೆ ನಿಂತಿದೆ, ಎಂಐಟಿ ಪರವಾನಗಿಯದು. ಇಂಥ ಕೀಬೋರ್ಡಿಗೆ ಲಿನಕ್ಸ್‌ನಲ್ಲಿ ಪ್ರತ್ಯೇಕ ಡ್ರೈವರ್ ಬೇಕಾಗುವುದೇ ಇಲ್ಲ, ಅದರ ಡಿಸ್ಕ್ರಿಪ್ಟರ್ ಎಲ್ಲರ ಕಣ್ಣೆದುರಿಗಿದೆ, ತಪ್ಪಿದ್ದರೆ ಯಾರು ಬೇಕಾದರೂ ತಿದ್ದಬಹುದು.

ಇದೆಲ್ಲದರ ನಂತರ ನನ್ನ ತೀರ್ಮಾನ ಇದು. ಹೊರಗಿನವರು ಸಂಚಾರ ಹಿಡಿದು ಬರೆಯುವ ಡ್ರೈವರ್‌ಗಳು ಅಪಾರ ಪ್ರತಿಭೆಯ ಕೆಲಸ, ಆದರೆ ಅವುಗಳ ಆಯುಸ್ಸು ಒಬ್ಬಿಬ್ಬರ ಬಿಡುವಿನ ಮೇಲೆ ನಿಂತಿದೆ. ತಯಾರಕರು ದಾಖಲೆ ಕೊಟ್ಟ ಕಡೆ, ಮಾನದಂಡವನ್ನು ನೆಟ್ಟಗೆ ಪಾಲಿಸಿದ ಕಡೆ ಬೆಂಬಲ ಬಾಳಿಕೆ ಬಂದಿದೆ. ಸಾವಿರಾರು ಕಂಪ್ಯೂಟರ್‌ಗಳಿಗೆ ಕೀಬೋರ್ಡ್ ಮೌಸ್ ಕೊಳ್ಳುವ ನಮ್ಮ ಸರ್ಕಾರಿ ಇಲಾಖೆಗಳು, ವಿಶ್ವವಿದ್ಯಾಲಯಗಳು ಟೆಂಡರಿನಲ್ಲಿ ಒಂದು ಷರತ್ತು ಸೇರಿಸಿದರೆ ಸಾಕು: ಸಾಧನ ಎಚ್‌ಐಡಿ ಮಾನದಂಡಕ್ಕೆ ಬದ್ಧವಾಗಿರಬೇಕು, ಜೋಡಣೆ ಮತ್ತು ಫರ್ಮ್‌ವೇರ್ ಬದಲಾವಣೆಯ ವಿಧಾನವನ್ನು ತಯಾರಕರು ಪ್ರಕಟಿಸಿರಬೇಕು. ಕೊಳ್ಳುವವರು ಕೇಳಿದಾಗ ಕೊಡುವವರು ಕೊಡುತ್ತಾರೆ.

ಎಂಜಿನಿಯರಿಂಗ್ ಕಾಲೇಜುಗಳ ಅಧ್ಯಾಪಕರಲ್ಲಿ ಒಂದು ಕೋರಿಕೆಯಿದೆ. ಕೊನೆಯ ವರ್ಷದ ಪ್ರಾಜೆಕ್ಟಿಗೆ ವಿದ್ಯಾರ್ಥಿಗಳ ಕೈಗೆ ಲಿನಕ್ಸ್‌ನಲ್ಲಿ ಅರೆಬರೆ ನಡೆಯುವ ವೈರ್‌ಲೆಸ್ ಸಾಧನವೊಂದನ್ನು ಕೊಡಿ. ಎಚ್‌ಐಡಿ-ರೆಕಾರ್ಡರ್ ಎಂಬ ಪುಟ್ಟ ತಂತ್ರಾಂಶ ಅದರ ಡಿಸ್ಕ್ರಿಪ್ಟರನ್ನೂ ವರದಿಗಳನ್ನೂ ಬರೆದುಕೊಡುತ್ತದೆ. ಕೀಬೋರ್ಡಿನ ದಾಖಲೆ ತೆಗೆಯುವಾಗ ಪಾಸ್‌ವರ್ಡ್ ಟೈಪ್ ಮಾಡಬೇಡಿ, ಅದೂ ಅದರಲ್ಲಿ ಸೇರಿಬಿಡುತ್ತದೆ. ತಪ್ಪು ಎಲ್ಲಿದೆ ಎಂದು ವಿದ್ಯಾರ್ಥಿಗಳೇ ಹುಡುಕಲಿ, ತಿದ್ದುಪಡಿಯನ್ನು ತಮ್ಮ ಹೆಸರಿನ ಸಹಿಯೊಂದಿಗೆ ಕರ್ನಲ್‌ನ ನಿರ್ವಾಹಕರಿಗೆ ಕಳಿಸಲಿ. ಅದು ಸ್ವೀಕಾರವಾದರೆ ಮುಂದಿನ ಆವೃತ್ತಿಯಲ್ಲಿ ಆ ಸಾಧನ ಇರುವ ಎಲ್ಲರಿಗೂ ಕೆಲಸ ಮಾಡುತ್ತದೆ.